ಹಳೆಯ ಹಾಲಿವುಡ್ ಚಿತ್ರಗಳು ಮತ್ತು ನಾವು

‘ಸಿನಿಮಾ ನೋಡಿದರೆ ಮಕ್ಕಳು ಕೆಡುತ್ತಾರೆ’ ಎಂಬುದು ಹಿರಿಯರು ಬಹುಕಾಲದಿಂದ ಹೇಳುತ್ತ ಬಂದ ಮಾತು. ಅದರಲ್ಲೂ ಇಂಗ್ಲಿಷ್ ಚಿತ್ರವೆಂದರೆ ಬಂದೂಕು, ಹೊಡೆದಾಟ, ರಕ್ತಪಾತ ಇಷ್ಟೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ ಎಂಬುದು ನಮ್ಮ ಅನುಭವ. ನಾವು ಚಲನಚಿತ್ರ ಕಲೆಯನ್ನು ಅಭ್ಯಾಸ ಮಾಡಿದ ಪಂಡಿತರಲ್ಲ. ರಜಾದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೆಲವು ಹಳೆಯ ಹಾಲಿವುಡ್ ಚಿತ್ರಗಳನ್ನು ನೋಡಿದವರು, ಅಷ್ಟೆ. ಆಗ ಮನಸ್ಸಿಗೆ ಹೊಳೆದ ನಾಲ್ಕು ಮಾತುಗಳನ್ನು ವಿದ್ಯಾರ್ಥಿ ಮಿತ್ರರ ಮತ್ತು ಹೆತ್ತವರ ಮುಂದಿಡಬಯಸುತ್ತೇವೆ.

1952ರಲ್ಲಿ ಫ್ರೆಡ್ ಝಿನ್ನೆಮನ್ ನಿರ್ದೇಶಿಸಿದ ‘ಹೈ ನೂನ್’ ಎಂಬ ಚಿತ್ರವನ್ನೇ ನೋಡಿ. ಗ್ಯಾರಿ ಕೂಪರ್ ಇದರಲ್ಲಿ ಒಂದು ಸಣ್ಣ ಊರಿನ ಮಾರ್ಷಲ್, ಅಂದರೆ ಕಾನೂನು ಕಾಯುವ ಅಧಿಕಾರಿ. ಅಂದೇ ಅವನ ಮದುವೆ. ಅಂದೇ ಕೆಲಸಕ್ಕೂ ವಿದಾಯ. ಅಷ್ಟರಲ್ಲಿ, ಹಿಂದೆ ಅವನೇ ಹಿಡಿದು ಸೆರೆಮನೆಗೆ ಕಳುಹಿಸಿದ್ದ ಪಾತಕಿಯೊಬ್ಬನು ಬಿಡುಗಡೆಯಾಗಿ ಹನ್ನೆರಡು ಗಂಟೆಯ ರೈಲಿನಲ್ಲಿ ಬರುತ್ತಿದ್ದಾನೆಂದು ಸುದ್ದಿ ಬರುತ್ತದೆ. ಊರು ಬಿಟ್ಟು ಹೊರಟಿದ್ದ ಮಾರ್ಷಲ್ ಮನಸ್ಸು ತಡೆಯದೆ ಹಿಂದಿರುಗುತ್ತಾನೆ; ಸಹಾಯ ಬೇಡಿ ಮನೆಮನೆಗೆ ಹೋಗುತ್ತಾನೆ. ನ್ಯಾಯಾಧೀಶ ಗಂಟುಮೂಟೆ ಕಟ್ಟುತ್ತಾನೆ. ಒಬ್ಬ ಗೆಳೆಯ ಒಳಗೆ ಅಡಗಿಕೊಂಡು, ‘ಅವರು ಮನೆಯಲ್ಲಿಲ್ಲ’ ಎಂದು ಹೆಂಡತಿಯಿಂದ ಹೇಳಿಸುತ್ತಾನೆ. ಜೊತೆಗೆ ಬರುತ್ತೇನೆಂದು ಮುಂದೆ ಬಂದವರಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿದ್ದಾನೆ. ಮಾರ್ಷಲ್ ಅವನನ್ನು ಮನೆಗೆ ಕಳುಹಿಸುತ್ತಾನೆ. ಚಿತ್ರದ ಅವಧಿ ಸುಮಾರು 85 ನಿಮಿಷ. ಕಥೆ ನಡೆಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ. ಗೋಡೆಯ ಗಡಿಯಾರ ಮತ್ತೆ ಮತ್ತೆ ಕಾಣುತ್ತದೆ. ಬಂದೂಕಿನ ಕಾಳಗ ಬರುವುದು ಕಟ್ಟಕಡೆಗೆ.

ಈ ಚಿತ್ರವನ್ನು ನೋಡುವಾಗ ನಮ್ಮೊಂದಿಗಿದ್ದ ಅಜ್ಜಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೂ ಅರ್ಧ ಚಿತ್ರವಾಗುವಷ್ಟರಲ್ಲಿ, “ಅಷ್ಟು ದೊಡ್ಡ ಊರಿನಲ್ಲಿ ಇವನ ಜೊತೆಗೆ ಹೋಗಲಿಕ್ಕೆ ಒಂದು ಜನ ಇಲ್ಲವಾ ಮಾರಾಯಾ?” ಎಂದು ಕೇಳಿದರು. ಇಡೀ ಚಿತ್ರದ ತಿರುಳು ಅಜ್ಜಿಯ ಆ ಒಂದು ಪ್ರಶ್ನೆಯಲ್ಲಿದೆ.

ಇದು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಚಿತ್ರ ತಯಾರಾಗುತ್ತಿದ್ದಾಗಲೇ, 1951ರಲ್ಲಿ, ಇದರ ಚಿತ್ರಕಥೆ ಬರೆದ ಕಾರ್ಲ್ ಫೋರ್ಮನ್ನರನ್ನು ಕಮ್ಯುನಿಸ್ಟ್ ಸಂಬಂಧದ ಶಂಕೆಯಿಂದ ಅಮೆರಿಕದ ಸಂಸದೀಯ ಸಮಿತಿಯೊಂದು ವಿಚಾರಣೆಗೆ ಕರೆದಿತ್ತು. ಸಂಗಡಿಗರ ಹೆಸರು ಹೇಳಲು ಅವರು ಒಪ್ಪಲಿಲ್ಲ. ಹಾಲಿವುಡ್ಡಿನಲ್ಲಿ ಕೆಲಸ ಸಿಗದಂತಾಗಿ ಇಂಗ್ಲೆಂಡಿಗೆ ಹೋಗಬೇಕಾಯಿತು. ಬಾಗಿಲುಗಳು ಒಂದೊಂದಾಗಿ ಮುಚ್ಚುವುದೆಂದರೇನೆಂದು ಅವರಿಗೆ ಗೊತ್ತಿತ್ತು.

ಇನ್ನು 1957ರಲ್ಲಿ ಸಿಡ್ನಿ ಲುಮೆಟ್ ನಿರ್ದೇಶಿಸಿದ ‘ಟ್ವೆಲ್ವ್ ಆ್ಯಂಗ್ರಿ ಮೆನ್’. ಇದರಲ್ಲಿ ಹೊಡೆದಾಟವೇ ಇಲ್ಲ. ತಂದೆಯನ್ನು ಕೊಂದ ಆರೋಪ ಹೊತ್ತ ಹದಿನೆಂಟರ ಹುಡುಗನೊಬ್ಬನ ವಿಷಯದಲ್ಲಿ ತೀರ್ಮಾನ ಹೇಳಬೇಕಾದ ಹನ್ನೆರಡು ಮಂದಿ, ಒಂದು ಕೋಣೆ, ಬೇಸಗೆಯ ಸೆಕೆ. ಹನ್ನೊಂದು ಮಂದಿ ‘ತಪ್ಪಿತಸ್ಥ’ ಎನ್ನುತ್ತಾರೆ. ಅವರಲ್ಲೊಬ್ಬನಿಗೆ ಆಟ ನೋಡಲು ಹೋಗುವ ಅವಸರ, ಟಿಕೇಟು ಕಿಸೆಯಲ್ಲಿದೆ. ಹೆನ್ರಿ ಫೊಂಡಾ ಮಾಡಿದ ಪಾತ್ರವೊಂದು ಮಾತ್ರ ಕೈ ಎತ್ತುವುದಿಲ್ಲ. ಹುಡುಗ ನಿರಪರಾಧಿ ಎಂದೂ ಆತ ಹೇಳುವುದಿಲ್ಲ. ಒಂದು ಜೀವದ ಪ್ರಶ್ನೆ, ಸ್ವಲ್ಪ ಮಾತಾಡೋಣ ಎಂಬುದಷ್ಟೇ ಅವನ ವಾದ. ಈ ಕಥೆಯನ್ನು ಬಾಸು ಚಟರ್ಜಿಯವರು 1986ರಲ್ಲಿ ‘ಏಕ್ ರುಕಾ ಹುವಾ ಫೈಸಲಾ’ ಎಂದು ಹಿಂದಿಯಲ್ಲಿ ತೆಗೆದರು.

ಹಾಗಾದರೆ ರೋಮಾಂಚನ ಬೇಡವೇ ಎಂದು ಕೇಳಬಹುದು. ಬೇಕು! 1975ರ ‘ಜಾಸ್’ ಚಿತ್ರಕ್ಕಾಗಿ ಮಾಡಿಸಿದ ಯಂತ್ರದ ಶಾರ್ಕ್ ಮೀನು ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟಿತು. ಆದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಬಹುಪಾಲು ಮೀನನ್ನು ತೋರಿಸದೆ, ಜಾನ್ ವಿಲಿಯಮ್ಸರ ಸಂಗೀತದಿಂದಲೇ ಹೆದರಿಸಿದರು. ಅಲ್ಲಿಯೂ ಮೀನಿಗಿಂತ ದೊಡ್ಡ ಅಪಾಯವೆಂದರೆ, ವ್ಯಾಪಾರ ಕೆಡುತ್ತದೆಂದು ಕಡಲ ತೀರವನ್ನು ಮುಚ್ಚಲೊಪ್ಪದ ಊರಿನ ಮೇಯರ್. ಚಿಕ್ಕ ಮಕ್ಕಳಿಗೆ ಇದು ತಕ್ಕುದಲ್ಲವೆಂಬುದನ್ನೂ ಹೇಳಿಬಿಡುತ್ತೇವೆ.

ಹಳೆಯದೆಲ್ಲ ಹೊನ್ನೆಂದು ನಮ್ಮ ವಾದವಲ್ಲ. ಆ ಕಾಲದ ಅನೇಕ ಕೌಬಾಯ್ ಚಿತ್ರಗಳಲ್ಲಿ ಅಮೆರಿಕದ ಮೂಲನಿವಾಸಿಗಳು ಮನುಷ್ಯರಾಗಿ ಕಾಣುವುದೇ ಇಲ್ಲ. ಪ್ರಸಿದ್ಧವಾದ ‘ಸ್ಟೇಜ್‌ಕೋಚ್’ನಲ್ಲಿ (1939) ಅಪಾಚೆ ಜನರು ಬರುವುದು ಗಾಡಿಯ ಮೇಲೆ ದಾಳಿ ಮಾಡುವುದಕ್ಕೆ, ಗುಂಡೇಟು ತಿನ್ನುವುದಕ್ಕೆ. ನ್ಯಾಯದ ಮಾತಾಡುವ ಆ ಹನ್ನೆರಡು ಮಂದಿಯಲ್ಲೂ ಒಬ್ಬ ಹೆಂಗಸಿಲ್ಲ, ಒಬ್ಬ ಕರಿಯನಿಲ್ಲ. ಇಂಥ ದೋಷಗಳನ್ನು ಕಂಡು ಹೇಳುವುದೂ ಚಿತ್ರ ನೋಡುವುದರ ಒಂದು ಭಾಗವೇ.

ಶೌರ್ಯವಿರುವುದು ಮುಷ್ಟಿಯಲ್ಲಲ್ಲ, ಮುಷ್ಟಿ ಎತ್ತುವ ಮೊದಲು ಮನಸ್ಸಿನಲ್ಲಿ ಆಗುವ ನಿರ್ಧಾರದಲ್ಲಿ: ಈ ಚಿತ್ರಗಳಿಂದ ನಾವು ತಿಳಿದದ್ದು ಇದನ್ನೇ. ತರಗತಿಯಲ್ಲಿ ಹತ್ತು ಮಂದಿ ಸೇರಿ ಒಬ್ಬನನ್ನು ಗೇಲಿ ಮಾಡುವಾಗ ಉಳಿದವರು ಪುಸ್ತಕದೊಳಗೆ ಮುಖ ಹುದುಗಿಸುವುದುಂಟು. ಆಗ ನಾವೂ ‘ಮನೆಯಲ್ಲಿಲ್ಲ’ ಎಂದು ಹೇಳಿಸಿದ ಆ ಗೆಳೆಯನೇ ಆಗುತ್ತೇವೆ. ‘ಬಿಡಿ, ಅವನನ್ನು’ ಎನ್ನಲು ಬಂದೂಕು ಬೇಕಾಗಿಲ್ಲ.

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಚಿತ್ರ ಹೇಗೆ ಅರ್ಥವಾದೀತು ಎಂಬ ಸಂಕೋಚವನ್ನು ವಿದ್ಯಾರ್ಥಿ ಮಿತ್ರರು ಬಿಡಬೇಕು. ನಮ್ಮ ಅಜ್ಜಿಗೆ ಅರ್ಥವಾದದ್ದು ನಮಗೆ ಅರ್ಥವಾಗದೇ? ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ: ‘ನೋಡಬೇಡ’ ಎಂದು ಗದರುವ ಬದಲು ಒಂದು ರಾತ್ರಿ ಮಕ್ಕಳ ಪಕ್ಕದಲ್ಲಿ ಕುಳಿತು ನೀವೂ ನೋಡಿ. ಚಿತ್ರ ಮುಗಿದ ಮೇಲೆ, “ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿ. ಮಕ್ಕಳು ಅದೇ ಪ್ರಶ್ನೆಯನ್ನು ನಿಮಗೂ ಕೇಳಿಯಾರು, ಉತ್ತರ ಸಿದ್ಧವಾಗಿರಲಿ.