‘ಇಲ್ಲ’ಗಳಿಂದ ಪಾಠ ಬೇಡ

ಸೀಲೆಂಟರೇಟ (ನಿಡೇರಿಯ) ವಂಶವನ್ನು ನಾವು ಪ್ರಶಿಕ್ಷಣಾರ್ಥಿಗಳು ಬೋಧಿಸುವುದು ಹೆಚ್ಚಾಗಿ ‘ಇಲ್ಲ’ಗಳಿಂದಲೇ: ಲೋಳೆಮೀನಿಗೆ ಮಿದುಳಿಲ್ಲ, ಗುದದ್ವಾರವಿಲ್ಲ. ಕಪ್ಪುಹಲಗೆಯ ಮೇಲೆ ಸ್ಪಂಜಿನಿಂದ ಮನುಷ್ಯನವರೆಗೆ ಏಣಿ ಬರೆದರೆ ಪಾಠ ಮುಗಿಯಿತು. ಮಕ್ಕಳು ವಿಕಾಸವೆಂದರೆ ಬಡ್ತಿ ಎಂದುಕೊಳ್ಳುತ್ತಾರೆ.

ಇರುವುದರಿಂದ ಆರಂಭಿಸಬೇಕೆಂಬುದು ನನ್ನ ವಾದ. ಹೈಡ್ರಾದ ಕುಟುಕುಕಣದೊಳಗೆ ಸುರುಳಿ ಸುತ್ತಿದ ಟೊಳ್ಳು ದಾರವಿದೆ. ಬೇಟೆ ತಗುಲಿದಾಗ ಅದರ ಮುಳ್ಳು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಹೊರಚಿಮ್ಮುತ್ತದೆ. ಪೆಟ್ಟಿಗೆ ಲೋಳೆಮೀನಿಗೆ 24 ಕಣ್ಣುಗಳು, ಕೆಲವಕ್ಕೆ ಮಸೂರವೂ ಉಂಟು. ಕೆರಿಬಿಯನ್ ಕಡಲಂಚಿನ ಮ್ಯಾಂಗ್ರೋವ್ ಬೇರುಗಳ ನಡುವೆ ಈಜುವ ಅಂಥದೊಂದು ಪ್ರಭೇದ, ಡಿಕ್ಕಿ ಹೊಡೆದ ಅನುಭವದಿಂದ ಅಡೆತಡೆ ತಪ್ಪಿಸಲು ಕಲಿಯುತ್ತದೆಂದು 2023ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಮಿದುಳಿಲ್ಲದೆ ಕಲಿಕೆ! (ಕಲಿಕೆಯ ಸಿದ್ಧಾಂತಗಳನ್ನು ಉರುಹೊಡೆಯುವ ನಮಗೂ ಇದು ಒಳ್ಳೆಯ ಪ್ರಶ್ನೆ.)

ಇವು ನಮ್ಮ ಪೂರ್ವಜರಲ್ಲ, 50 ಕೋಟಿ ವರ್ಷಗಳಿಗೂ ಹಿಂದೆ ಕವಲೊಡೆದ ದಾಯಾದಿಗಳು. 2007ರಲ್ಲಿ ಸೀ ಅನಿಮೋನ್ ಒಂದರ ಜೀನೋಮ್ ಓದಿದಾಗ, ಜೀನ್‌ಗಳ ರಚನೆಯಲ್ಲಿ ಅದು ಹಣ್ಣುನೊಣಕ್ಕಿಂತ ಮನುಷ್ಯನಿಗೇ ಹೆಚ್ಚು ಹೋಲುವುದು ಕಂಡಿತು. ಏಣಿಯ ಯಾವ ಮೆಟ್ಟಿಲಿಗೆ ಇದನ್ನು ಹಾಕುವುದು?

‘ಸಾಮಾನ್ಯ ಲಕ್ಷಣಗಳ ಪಟ್ಟಿ ಎಲ್ಲಿ?’ ಎಂದು ಪಾಠ ವೀಕ್ಷಿಸುವವರು ಕೇಳಿಯೇ ಕೇಳುತ್ತಾರೆ. ಪರೀಕ್ಷೆಗೆ ಅದು ಬೇಕು, ಕೊನೆಯ ಐದು ನಿಮಿಷ ಕೊಡೋಣ. ಹಲಗೆಯ ಮೇಲೆ ಮಾತ್ರ ಏಣಿಯ ಬದಲು ಕವಲುಮರ ಬರೆಯೋಣ.