ಇಳಿದದ್ದು ಕಾರಿನ ಬೆಲೆ, ಬಿಡಿಭಾಗದ್ದಲ್ಲ

ಹೊಸ ಮಾರುತಿ ಸ್ವಿಫ್ಟಿಗೆ ಕೊಡುವ ದುಡ್ಡಿಗೆ ಹತ್ತು ಹನ್ನೆರಡು ವರ್ಷ ಹಳೆಯ ಜರ್ಮನ್ ಕಾರು ಬರುತ್ತದೆ. ಈ ಸಂಗತಿ ಈಗಿನ ಕಾಲೇಜು ಹುಡುಗರಿಗೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು. ಮೊಬೈಲಿನ ತುಂಬ ಬಿ.ಎಂ.ಡಬ್ಲ್ಯು., ಆಡಿ, ಮರ್ಸಿಡಿಸ್ ಚಿತ್ರಗಳು. ಕೆಳಗೆ ಏಳೆಂಟು ಲಕ್ಷದ ಬೆಲೆ. ಅದನ್ನು ಅಪ್ಪನ ಮುಂದೆ ಹಿಡಿದು 'ಅದೇ ದುಡ್ಡು ತಾನೇ ಅಪ್ಪಾ?' ಎಂದು ಕೇಳಿದರೆ ಅಪ್ಪನಿಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ಅದೇ ದುಡ್ಡು ಎಂಬುದು ನಿಜ. ಕೊಳ್ಳುವ ದಿನದ ಮಟ್ಟಿಗೆ ಮಾತ್ರ ನಿಜ.

ದೊಡ್ಡ ಕಾರುಗಳ ಬೆಲೆ ಇಷ್ಟು ಬೇಗ ಕುಸಿಯಲು ಕಾರಣವಿದೆ. ಇವುಗಳಲ್ಲಿ ಬಹಳಷ್ಟನ್ನು ಮೊದಲು ಕೊಳ್ಳುವುದು ಕಂಪೆನಿಗಳ ಹೆಸರಿನಲ್ಲಿ. ವರ್ಷವರ್ಷವೂ ಸವಕಳಿ ತೋರಿಸಿ ತೆರಿಗೆ ಉಳಿಸಿಕೊಂಡು, ವಾರಂಟಿ ಮುಗಿಯುವ ಹೊತ್ತಿಗೆ ಮಾರಿಬಿಡುತ್ತಾರೆ. ವಾರಂಟಿ ಇಲ್ಲದ ಇಂಥ ಕಾರನ್ನು ಕೊಳ್ಳುವ ಧೈರ್ಯ ಕೆಲವರಿಗೆ ಮಾತ್ರ. ಕೊಳ್ಳುವವರು ಕಡಿಮೆಯಾದರೆ ಬೆಲೆ ಇಳಿಯುತ್ತದೆ. ಹತ್ತು ವರ್ಷದ ಹಿಂದೆ 40 ಲಕ್ಷ ಕೊಟ್ಟ ಕಾರು ಇವತ್ತು 8 ಲಕ್ಷಕ್ಕೆ ಬಂದು ನಿಂತಿದೆ ಎಂದಿಟ್ಟುಕೊಳ್ಳಿ. ಐದರಲ್ಲಿ ಒಂದು ಪಾಲಾಯಿತು. ಆದರೆ ಅದರ ಹೆಡ್‌ಲೈಟು, ಬಂಪರು, ಗೇರ್‌ಬಾಕ್ಸು ಈಗಲೂ 40 ಲಕ್ಷದ ಕಾರಿನವೇ. ಅಂಗಡಿಯವನು ಅವುಗಳ ಬೆಲೆಯನ್ನು ಐದರಿಂದ ಭಾಗಿಸಿ ಕೊಡುವುದಿಲ್ಲ. ಹಳೆಯ ಐಷಾರಾಮಿ ಕಾರಿನ ಇಡೀ ಗುಟ್ಟು ಇಷ್ಟರಲ್ಲೇ ಇದೆ.

ವಿಮೆ ಇದೆಯಲ್ಲ ಎನ್ನುವವರುಂಟು. ಫಸ್ಟ್ ಪಾರ್ಟಿ ವಿಮೆ ಮಾಡಿಸಿದ್ದರೂ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗುಗಳ ಮೇಲೆ ಅರ್ಧದಷ್ಟು ಸವಕಳಿ ಕಳೆದೇ ಹಣ ಕೊಡುತ್ತಾರೆ. ಇಂದಿನ ಕಾರಿನ ಮುಂಭಾಗವೆಲ್ಲ ಪ್ಲಾಸ್ಟಿಕ್ಕೇ. ಎದುರಿನ ವಾಹನಕ್ಕೆ ಮೆಲ್ಲಗೆ ತಗುಲಿ ಬಂಪರು, ಜಾಲರಿ, ದೀಪ ಮೂರೂ ಹೋದರೆ ದೊಡ್ಡ ಪಾಲು ಮಾಲೀಕನ ತಲೆಗೇ ಬರುತ್ತದೆ. ಸವಕಳಿ ಕಳೆಯದ 'ಝೀರೋ ಡೆಪ್' ಪಾಲಿಸಿ ಹತ್ತು ವರ್ಷ ದಾಟಿದ ಕಾರಿಗೆ ಸಿಗುವುದು ಕಷ್ಟ. ಎಂಜಿನ್ ತಾನಾಗಿ ಕೆಟ್ಟರೆ, ಗೇರ್‌ಬಾಕ್ಸ್ ಸವೆದರೆ ಸಾಮಾನ್ಯ ಪಾಲಿಸಿಯಿಂದ ಚಿಕ್ಕಾಸೂ ಬರುವುದಿಲ್ಲ.

ಇನ್ನೊಂದು ಆಕರ್ಷಣೆ 'ದೆಹಲಿ ಕಾರು'. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ದೆಹಲಿ ಪ್ರದೇಶದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಈ ವಿಷಯ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದೆ. ಈ ಗೊಂದಲದಿಂದ ಅಲ್ಲಿನ ಡೀಸೆಲ್ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತಿವೆ. ಬೆಂಗಳೂರಿನ ಬೆಲೆಗಿಂತ ಒಂದೆರಡು ಲಕ್ಷ ಕಡಿಮೆ ಎಂದು ದಲ್ಲಾಳಿ ಹೇಳುತ್ತಾನೆ. ಅವನು ಹೇಳದೆ ಬಿಡುವುದು ಕರ್ನಾಟಕದ ಜೀವಾವಧಿ ತೆರಿಗೆಯ ಮಾತು. 20 ಲಕ್ಷ ಮೀರಿದ ಹೊಸ ಕಾರಿಗೆ ಇಲ್ಲಿ ಈ ತೆರಿಗೆಯ ದರ ಶೇ 18, ಅದರ ಮೇಲೆ ಸೆಸ್ ಬೇರೆ. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕ ಕಡಿತ ಉಂಟು. ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ನೀವು ಕೊಟ್ಟ 8 ಲಕ್ಷದಿಂದ ಅಲ್ಲ. ಇಲ್ಲಿಯೂ ಆ 40 ಲಕ್ಷವೇ ಬೆನ್ನು ಹತ್ತುತ್ತದೆ. ತೆರಿಗೆ ಕಟ್ಟದೆ ಹೊರರಾಜ್ಯದ ನಂಬರಿನಲ್ಲೇ ಓಡಿಸೋಣವೆಂಬ ಯೋಚನೆ ಬೇಡ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದ ಸುಮಾರು 30 ಐಷಾರಾಮಿ ಕಾರುಗಳನ್ನು ಹಿಡಿದು ನಿಲ್ಲಿಸಿದ್ದರು. ಅವುಗಳ ಮಾಲೀಕರಿಗೆ ದಂಡ ಕಟ್ಟುವ ಶಕ್ತಿ ಇದ್ದೀತು. ಸಂಬಳದ ಮನೆಯವರ ಪಾಡು ಬೇರೆ.

ಹಾಗಾದರೆ ಆಸೆಯನ್ನೇ ಬಿಡಬೇಕೆ? ಬೇಕಾಗಿಲ್ಲ. ದೊಡ್ಡ ಸೆಡಾನಿನ ಸುಖ ಸುಳ್ಳಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತ ಅಜ್ಜಿಗೆ ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ಬೆನ್ನು ನೋಯದಿದ್ದರೆ ಅದಕ್ಕೂ ಒಂದು ಬೆಲೆಯಿದೆ. ಗಟ್ಟಿ ಮೈಕಟ್ಟು, ಆರು ಏರ್‌ಬ್ಯಾಗು, ಒಳ್ಳೆಯ ಬ್ರೇಕು ಇವೂ ಕಡೆಗಣಿಸುವಂಥವಲ್ಲ. ಬದಲಾಗಬೇಕಾದದ್ದು ಲೆಕ್ಕ ಹಾಕುವ ಕ್ರಮ.

ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆಗೆ ನಿವೃತ್ತಿಯ ಹಣ ಬಂದಿದೆ. ಮಗಳು ಎಂಜಿನಿಯರಿಂಗ್ ಎರಡನೆಯ ವರ್ಷ, ಮಗ ಪದವಿ ಮುಗಿಸಿದ್ದಾನೆ. ಕಾರಿಗೆಂದು ತೆಗೆದಿಟ್ಟದ್ದು 8 ಲಕ್ಷ. ಇಂಥವರು 8 ಲಕ್ಷದ ಕಾರು ನೋಡಲು ಹೋಗಲೇಬಾರದು. ಐದು, ಐದೂವರೆ ಲಕ್ಷದ ಕಾರು ನೋಡಬೇಕು. ಉಳಿದದ್ದು ಹೆಸರು ಬದಲಾವಣೆ, ವಿಮೆ, ನಾಲ್ಕು ಟೈರು, ಬ್ಯಾಟರಿ, ಮೊದಲ ದೊಡ್ಡ ಸರ್ವೀಸು, ಮೊದಲ ವರ್ಷದಲ್ಲಿ ಬಂದೇ ಬರುವ ಒಂದು ಅನಿರೀಕ್ಷಿತ ರಿಪೇರಿ ಇಷ್ಟಕ್ಕೆ. ಇಡೀ 8 ಲಕ್ಷವನ್ನೂ ಮಾರುವವನ ಕೈಗಿಟ್ಟರೆ ಆ ಮೊದಲ ರಿಪೇರಿ ಮಗಳ ಮುಂದಿನ ವರ್ಷದ ಫೀಸಿಗೇ ಕೈ ಹಾಕುತ್ತದೆ. ದೊಡ್ಡ ಕಾರು ಮನೆ ಮುಂದೆ ನಿಂತಿದೆ, ಫೀಸಿಗೆ ಸಾಲ ಎತ್ತಬೇಕು ಎಂಬ ಸ್ಥಿತಿ ಯಾರಿಗೂ ಬೇಡ.

ಈ ಲೆಕ್ಕವನ್ನು ತಂದೆ ಹಾಕುವುದಕ್ಕಿಂತ ಮಗನೇ ಹಾಕಿದರೆ ಒಳ್ಳೆಯದು. ಇಷ್ಟಪಟ್ಟ ಮಾದರಿ ಯಾವುದೋ, ಅದರ ಕಂಪೆನಿ ಸರ್ವೀಸ್ ಸೆಂಟರಿಗೆ ಫೋನು ಮಾಡಿ ಐದು ಬೆಲೆ ಕೇಳಿ ಬರೆದುಕೊಳ್ಳಲಿ: ಒಂದು ಹೆಡ್‌ಲೈಟು, ಮುಂದಿನ ಬಂಪರು, ಮುಂದಿನ ಜೋಡಿ ಶಾಕ್ ಅಬ್ಸಾರ್ಬರು, ಎ.ಸಿ. ಕಂಪ್ರೆಸರು, ವರ್ಷದ ಸಾಮಾನ್ಯ ಸರ್ವೀಸು. ಅದೇ ಐದನ್ನು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲೋ ತಮ್ಮ ಊರಿನ ನಂಬಿಕೆಯ ಗ್ಯಾರೇಜಿನಲ್ಲೋ ಕೇಳಲಿ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಯಾರೂ ಬುದ್ಧಿವಾದ ಹೇಳಬೇಕಾಗಿಲ್ಲ. ಹಾಸನದಲ್ಲೋ ಬೀದರಿನಲ್ಲೋ ಇರುವವರು ಇನ್ನೊಂದನ್ನೂ ಕೇಳಿಕೊಳ್ಳಬೇಕು: ಈ ಕಾರಿಗೆ ಸರಿಯಾದ ಸ್ಕ್ಯಾನರ್ ಹಾಕಿ ನೋಡಬಲ್ಲ ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾನೆ? ಟೋಯಿಂಗ್ ಲಾರಿಯ ಬಾಡಿಗೆಯೂ ಕಾರಿನ ಬೆಲೆಯ ಒಂದು ಭಾಗವೇ.

ಮಾದರಿಗಳ ಮಾತಿಗೆ ಬಂದರೆ, ಕಡಿಮೆ ಹಣದವರಿಗೆ ಜಪಾನಿನ ಪೆಟ್ರೋಲ್ ಸೆಡಾನುಗಳೇ ಕ್ಷೇಮ. ಹೋಂಡಾ ಅಕಾರ್ಡ್, ಟೊಯೋಟಾ ಕ್ಯಾಮ್ರಿ, ಸ್ವಲ್ಪ ಕೆಳಗಿನ ಮೆಟ್ಟಿಲಲ್ಲಿ ಕರೋಲಾ ಆಲ್ಟಿಸ್. ಪೆಟ್ರೋಲ್ ಕುಡಿಯುವುದರಲ್ಲಿ ಅಕಾರ್ಡಿಗೆ ಸಂಕೋಚವಿಲ್ಲ. ಆದರೆ ಎಂಜಿನ್ ಬಾಳಿಕೆ ಬರುತ್ತದೆ. ಕರೋಲಾ ಮತ್ತು ಕ್ಯಾಮ್ರಿ ನಮ್ಮ ಬಿಡದಿಯಲ್ಲೇ ಜೋಡಣೆಯಾದವು. 2013ರಿಂದ ಬಂದ ಹೈಬ್ರಿಡ್ ಕ್ಯಾಮ್ರಿ ಇಂಧನ ಉಳಿಸುವುದು ನಿಜವಾದರೂ, ಅದರ ದೊಡ್ಡ ಬ್ಯಾಟರಿಯ ಆರೋಗ್ಯ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬಾರದು. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇನ್ನೊಂದು ನೋಟ ಬೇಕು. ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಆ ಕಾಲದ ಕಾರುಗಳು ಅದಕ್ಕೆಂದು ತಯಾರಾದವಲ್ಲ, ಇಂಧನದ ಪೈಪು ಮತ್ತು ರಬ್ಬರ್ ಸೀಲುಗಳನ್ನು ನೋಡಿಸಬೇಕು.

ಸ್ಕೋಡಾ ಸುಪರ್ಬ್ ಹಿಂದಿನ ಸೀಟಿನ ಜಾಗಕ್ಕೆ ಹೆಸರುವಾಸಿ. 1.8 ಲೀಟರ್ ಪೆಟ್ರೋಲ್ ಮಾದರಿಯಲ್ಲಿ ಏಳು ಗೇರಿನ, ಒಣ ಕ್ಲಚ್ಚಿನ ಡಿ.ಎಸ್.ಜಿ. ಗೇರ್‌ಬಾಕ್ಸ್ ಇದ್ದರೆ ಮಾತ್ರ ಎಚ್ಚರ. ಎರಡು ಕ್ಲಚ್ಚುಗಳನ್ನು ಕಂಪ್ಯೂಟರು ಆಡಿಸುವ ಈ ಏರ್ಪಾಡಿಗೆ ಬೆಂಗಳೂರಿನಂಥ ಆಮೆನಡಿಗೆಯ ಟ್ರಾಫಿಕ್ ಒಗ್ಗುವುದಿಲ್ಲ. ಈ ಏಳು ಗೇರಿನ ಪೆಟ್ಟಿಗೆಯ ಎಣ್ಣೆ ಬದಲಿಸಲು ಫೋಕ್ಸ್‌ವ್ಯಾಗನ್ ಸಮೂಹವೇ 2013ರಲ್ಲಿ ಜಗತ್ತಿನಾದ್ಯಂತ 16 ಲಕ್ಷ ಕಾರುಗಳನ್ನು ವಾಪಸು ಕರೆದಿತ್ತು. ಓಡಿಸಿ ನೋಡುವಾಗ ಏರಿನಲ್ಲಿ ನಿಲ್ಲಿಸಿ ಹೊರಡಿಸಬೇಕು. ಒಂದು, ಎರಡನೆಯ ಗೇರಿನ ನಡುವೆ ಜರ್ಕ್ ಹೊಡೆದರೆ ನಮಸ್ಕಾರ ಹೇಳಿ ಬರಬಹುದು.

ಬಿ.ಎಂ.ಡಬ್ಲ್ಯು. 320ಡಿ, 520ಡಿ ಕಾರುಗಳ ಎನ್47 ಎಂಬ ಡೀಸೆಲ್ ಎಂಜಿನ್ನಿನ ಕಥೆ ಇನ್ನೂ ದುಬಾರಿ. ಅದರ ಟೈಮಿಂಗ್ ಚೈನು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸಿನ ಕಡೆಗಿದೆ. 2007ರಿಂದ 2011ರ ಸುಮಾರಿನ ಎಂಜಿನ್ನುಗಳಲ್ಲಿ ಈ ಚೈನು ಬೇಗ ಸವೆಯುವುದು ಎಲ್ಲ ಮೆಕ್ಯಾನಿಕ್ಕುಗಳಿಗೂ ಗೊತ್ತು. ಬದಲಿಸಬೇಕೆಂದರೆ ಸಾಮಾನ್ಯವಾಗಿ ಎಂಜಿನ್ನನ್ನೇ ಕೆಳಗಿಳಿಸಬೇಕು. ತುಂಡಾದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಂಜಿನ್ ಹಾಳು. ಚೈನು ಬದಲಿಸಿದ ಬಿಲ್ಲು ತೋರಿಸಿದರೆ ಮಾತು ಮುಂದುವರಿಸಬಹುದು. ಇಂಥ ಅನೇಕ ಕಾರುಗಳಿಗೆ ಸ್ಟೆಪ್ನಿಯೂ ಇರುವುದಿಲ್ಲ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ವಿಶೇಷ ಟೈರುಗಳು, ಬೆಲೆಯೂ ವಿಶೇಷವೇ.

ಕಾರು ನೋಡಲು ಹೋಗುವುದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ. ಮೊದಲೇ ಚಾಲೂ ಮಾಡಿ ಬಿಸಿಯಾಗಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂದು ಅನುಮಾನಿಸಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಮೀಟರು 45,000 ಕಿ.ಮೀ. ತೋರಿಸುತ್ತಿದೆ, ಬ್ರೇಕ್ ಪೆಡಲಿನ ರಬ್ಬರು ನುಣ್ಣಗೆ ಸವೆದಿದೆ, ಸ್ಟಿಯರಿಂಗ್ ಚರ್ಮ ಹೊಳೆಯುತ್ತಿದೆ ಎಂದರೆ ಮೀಟರು ಹಿಂದಕ್ಕೆ ಹೋಗಿದೆ ಎಂದೇ ಅರ್ಥ. ಕಂಪೆನಿ ಸರ್ವೀಸ್ ಸೆಂಟರಿನ ದಾಖಲೆ ಇಂಥ ಸುಳ್ಳನ್ನು ಬೇಗ ಹಿಡಿದುಕೊಡುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಬೇಕು. ಕೊನೆಯ ಗೇಣಿನಲ್ಲಿ ಮಣ್ಣಿನ ಗೆರೆ ಕಂಡರೆ ಕಾರು ನೀರಿನಲ್ಲಿ ಮುಳುಗಿತ್ತು. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಸುತ್ತಮುತ್ತ ಮುಳುಗಿದ ದುಬಾರಿ ಕಾರುಗಳೆಲ್ಲ ಗುಜರಿಗೆ ಹೋಗಿಲ್ಲ. ತೊಳೆದು, ಒಣಗಿಸಿ, ಸುಗಂಧ ಹಾಕಿದ ಕಾರಿನ ವೈರಿಂಗು ಎರಡು ಮಳೆಗಾಲ ಕಳೆದ ಮೇಲೆ ತನ್ನ ಬಣ್ಣ ತೋರಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಪರೀಕ್ಷೆಗೆ ಹಣವೇ ಬೇಡ. ಜಪಾನಿನ ಟಕಾಟ ಕಂಪೆನಿಯ ಏರ್‌ಬ್ಯಾಗುಗಳಲ್ಲಿ ಗಾಳಿ ತುಂಬುವ ರಾಸಾಯನಿಕ, ಬಿಸಿಲು ಮತ್ತು ತೇವಕ್ಕೆ ವರ್ಷಗಟ್ಟಲೆ ಸಿಕ್ಕಿ ಕೆಡುತ್ತಿತ್ತು. ಅಂಥ ಏರ್‌ಬ್ಯಾಗು ಅಪಘಾತದಲ್ಲಿ ಸಿಡಿದರೆ ಲೋಹದ ಚೂರುಗಳು ಕುಳಿತವರ ಮುಖಕ್ಕೇ ಹಾರುತ್ತವೆ. ಜಗತ್ತಿನಲ್ಲಿ ಹಲವರು ಹೀಗೆ ಸತ್ತರು, ಕಂಪೆನಿ 2017ರಲ್ಲಿ ದಿವಾಳಿಯಾಯಿತು. ಭಾರತದಲ್ಲೂ ಹೋಂಡಾ, ಟೊಯೋಟಾ ಕಾರುಗಳನ್ನು ವಾಪಸು ಕರೆದು ಉಚಿತವಾಗಿ ಬದಲಿಸಿದ್ದಾರೆ. ಆದರೆ ಕೈಯಿಂದ ಕೈಗೆ ದಾಟಿದ ಕಾರಿನ ಮಾಲೀಕನಿಗೆ ಆ ಪತ್ರ ತಲುಪದೆ ಹೋಗಿರಬಹುದು. ಷಾಸಿ ನಂಬರನ್ನು ಕಂಪೆನಿಗೆ ಕೊಟ್ಟು, ಈ ಕಾರು ಪಟ್ಟಿಯಲ್ಲಿದೆಯೇ, ಬದಲಿಸಿದ್ದಾರೆಯೇ ಎಂದು ಕೇಳಬೇಕು. ಕರಾವಳಿಯವರು ಎರಡು ಸಲ ಕೇಳಲಿ.

ಡೀಸೆಲ್ಲೋ ಪೆಟ್ರೋಲೋ ಎಂಬ ಪ್ರಶ್ನೆಗೆ ಓಡಾಟವೇ ಉತ್ತರ. ದಿನಕ್ಕೆ ಆರೇಳು ಕಿ.ಮೀ. ಕಾಲೇಜಿಗೆ ಹೋಗಿ ಬರುವವನಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಡೀಸೆಲ್ ಕಾರು ತಲೆನೋವು. ಆಗಾಗ ಹೆದ್ದಾರಿಯಲ್ಲಿ ಓಡಿ ಬಿಸಿಯಾಗದಿದ್ದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂದಹಾಗೆ ಪಿ.ಯು.ಸಿ. ಹುಡುಗನ ಕೈಗೆ ಕೀಲಿ ಕೊಡುವ ಮಾತೇ ಇಲ್ಲ. ಹದಿನೆಂಟು ತುಂಬದವನು ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಸೆರೆ.

ಕೊನೆಗೆ ಕಾಗದಪತ್ರ. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು 35ನೆಯ ನಮೂನೆ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ನೋಂದಣಿಗೆ 15 ವರ್ಷ ತುಂಬುತ್ತಿದ್ದರೆ ನವೀಕರಣದ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಬೇಕು, 600 ರೂ. ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂ. ಆಯಿತು. ಬಾಕಿ ಟ್ರಾಫಿಕ್ ದಂಡ ಎಷ್ಟಿದೆ ಎಂದು ವಾಹನದ ಸಂಖ್ಯೆ ಹಾಕಿ ನೋಡಿ, ಮಾರುವವರಿಂದಲೇ ಕಟ್ಟಿಸಬೇಕು. 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿಕೊಂಡು, ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರಿಗೇ ಸೇರಿದ್ದು, ಆದ್ದರಿಂದ ಪ್ರೀಮಿಯಂ ಸ್ವಲ್ಪ ಏರುತ್ತದೆ. ಗಾಜಿನ ಮೇಲಿನ ಫಾಸ್ಟ್ಯಾಗ್ ಕೂಡ ಅವರ ಖಾತೆಯದೇ. ಅದನ್ನು ಕಿತ್ತು ಹೊಸದು ಅಂಟಿಸಿಕೊಂಡ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಹೊರಡಬಹುದು.