ಸಂಕೇತವನ್ನು ನಂಬಿ ಸಂವೇದಕವನ್ನು ಬದಲಿಸಬಹುದೆ?

ವಿದ್ಯುತ್ ಒಲೆಯ ಮುಖಫಲಕದ ಮೇಲೆ ಒಂದು ಅಕ್ಷರವೂ ಒಂದು ಅಂಕಿಯೂ ಮಿನುಗಿದೊಡನೆ ರೋಗ ಗೊತ್ತಾಯಿತೆಂದು ಭಾವಿಸುವುದು ಇಂದು ಸರ್ವಸಾಧಾರಣವಾಗಿದೆ. ಈ ಭಾವನೆ ತಪ್ಪೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವಾದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

2018ರ ಚಳಿಗಾಲದಲ್ಲಿ ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮನೆಯಲ್ಲಿ ಕೆಲವು ವಾರ ಇದ್ದೆ. ಮೇಲೆ ಒಲೆಗಳೂ ಕೆಳಗೆ ಓವನ್ನೂ ಕೂಡಿರುವ ರೇಂಜ್ ಎಂಬ ದೊಡ್ಡ ಯಂತ್ರ ಅಲ್ಲಿಯ ಅಡಿಗೆಮನೆಗಳಲ್ಲಿ ಸಾಮಾನ್ಯ. ತಂಗಿಯ ಓವನ್ನಿನಿಂದ ಕೆಲವು ತಿಂಗಳುಗಳಿಂದ ಕೇಕುಗಳು ಅರೆಬೆಂದೇ ಹೊರಬರುತ್ತಿದ್ದುವು. ಒಂದು ಸಂಜೆ ಫಲಕದ ಮೇಲೆ ‘ಎಫ್ 3’ ಎಂಬ ಸಂಕೇತ ಮೂಡಿ ಓವನ್ ನಿಂತುಹೋಯಿತು. ಆ ಮಾದರಿಯಲ್ಲಿ ಅದರ ಅರ್ಥ, ಉಷ್ಣಸಂವೇದಕದ ಮಂಡಲ ಕಡಿದಿದೆ ಎಂದು. ದುರಸ್ತಿಗಾರ ಬಂದ, ಸಂಕೇತವನ್ನು ನೋಡಿದ, ಹೊಸ ಸಂವೇದಕವನ್ನು ಜೋಡಿಸಿ ಹಣ ಪಡೆದು ಹೋದ. ಹತ್ತು ದಿನಗಳಲ್ಲಿ ಮತ್ತೆ ಅದೇ ಸಂಕೇತ. ಎರಡನೆಯ ಸಲ ಬಂದಾಗ ಆತ, ನಿಯಂತ್ರಕ ಫಲಕವೇ ಕೆಟ್ಟಿರಬೇಕು, ಹೊಸ ರೇಂಜನ್ನು ಕೊಳ್ಳುವುದೇ ಲೇಸು ಎಂದ. ಎರಡು ಸಲವೂ ಆತ ಮಾಪಕವನ್ನು ಚೀಲದಿಂದ ಹೊರತೆಗೆಯಲಿಲ್ಲ.

ಓವನ್ನಿನ ಹಿಂಗೋಡೆಯಿಂದ ಒಳಕ್ಕೆ ಚಾಚಿರುವ, ಪೆನ್ಸಿಲಿಗಿಂತ ತೆಳುವಾದ ಲೋಹದ ಕಡ್ಡಿಯೇ ಸಂವೇದಕ. ಅದರ ಒಳಗಿರುವುದು ಪ್ಲಾಟಿನಂ. ಲೋಹ ಕಾದಂತೆ ಅದರ ರೋಧ ಹೆಚ್ಚುವುದೆಂದು ಹಂಫ್ರಿ ಡೇವಿ 1821ರಲ್ಲಿ ತೋರಿಸಿದ್ದ. ಪ್ಲಾಟಿನಂ ತಂತಿಯಿಂದ ಉಷ್ಣತೆಯನ್ನು ಅಳೆಯಬಹುದೆಂದು ವಿಲಿಯಂ ಸೀಮೆನ್ಸ್ 1871ರಲ್ಲಿ ಸೂಚಿಸಿದ. ಅದನ್ನು ನಂಬಲರ್ಹವಾದ ಉಪಕರಣವಾಗಿಸಿದ ಕೀರ್ತಿ 1887ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ ಹ್ಯೂ ಕ್ಯಾಲೆಂಡರನದು. ಅಮೆರಿಕದ ಅನೇಕ ರೇಂಜುಗಳಲ್ಲಿರುವ ಸಂವೇದಕದ ರೋಧ ಸೊನ್ನೆ ಸೆಂಟಿಗ್ರೇಡಿನಲ್ಲಿ 1000 ಓಮ್. ಕೋಣೆಯ ಉಷ್ಣತೆಯಲ್ಲಿ ಅದು ಸುಮಾರು 1080ರಿಂದ 1100. ಕೇಕು ಬೇಯುವ 177 ಡಿಗ್ರಿಯಲ್ಲಿ ಸುಮಾರು 1670. ಆ ಶಾಖದಲ್ಲಿ ಡಿಗ್ರಿಯೊಂದಕ್ಕೆ 3.7 ಓಮ್‌ನಷ್ಟು ರೋಧ ಏರುತ್ತದೆ.

ಈಗ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ನಿಯಂತ್ರಕ ಫಲಕಕ್ಕೆ ಓವನ್ನಿನ ಶಾಖ ಕಾಣುವುದಿಲ್ಲ. ಅದಕ್ಕೆ ಕಾಣುವುದು ತನ್ನ ಎರಡು ತಂತಿಗಳ ನಡುವಣ ರೋಧವೊಂದೇ. ಆ ರೋಧ ಸಂವೇದಕದಲ್ಲಿದೆಯೋ ದಾರಿಯಲ್ಲಿದೆಯೋ ಎಂಬುದನ್ನು ಅದು ಅರಿಯದು. ದಾರಿಯಲ್ಲಿ ಕಿಲುಬು ಹಿಡಿದ ಒಂದು ಜೋಡಣೆ 37 ಓಮ್ ಸೇರಿಸಿತೆನ್ನಿ. ಫಲಕ ಓವನ್ನನ್ನು ಇದ್ದುದಕ್ಕಿಂತ ಹತ್ತು ಡಿಗ್ರಿ ಬಿಸಿಯೆಂದು ಎಣಿಸಿ ಶಾಖವನ್ನು ಬೇಗ ನಿಲ್ಲಿಸುತ್ತದೆ, ಕೇಕು ಅರೆಬೇಯುತ್ತದೆ, ಸಂಕೇತವೇನೂ ಮೂಡುವುದಿಲ್ಲ. ಜೋಡಣೆ ಪೂರ್ತಿಯಾಗಿ ಬಿಟ್ಟುಕೊಂಡಾಗ ಮಾತ್ರ ‘ಮಂಡಲ ಕಡಿದಿದೆ’ ಎಂಬ ದೂರು. ಆ ದೂರು ಸತ್ಯವೇ. ಆದರೆ ಕಡಿದದ್ದು ಎಲ್ಲಿ ಎಂಬುದನ್ನು ಅದು ಹೇಳಲಿಲ್ಲ.

ಆ ಕೆಲಸವನ್ನು ಹೈಸ್ಕೂಲಿನಲ್ಲಿ ಓದುತ್ತಿದ್ದ ತಂಗಿಯ ಮಗ ಮಾಡಿದ. 240 ವೋಲ್ಟಿನ ಯಂತ್ರವಾದುದರಿಂದ ಮೊದಲು ಮುಖ್ಯ ಸ್ವಿಚ್ಚಿನಲ್ಲೇ ವಿದ್ಯುತ್ತನ್ನು ಕಡಿಸಿದೆ. ವಿದ್ಯುತ್ ಹರಿಯುವ ಮಂಡಲದಲ್ಲಿ ರೋಧವನ್ನು ಅಳೆಯುವುದು ಅಪಾಯಕರ ಮಾತ್ರವಲ್ಲ, ನಿಷ್ಫಲವೂ ಹೌದು. ಸಂವೇದಕವನ್ನು ಬಿಡಿಸಿ ಅದರ ತುದಿಗಳಲ್ಲಿ ಅಳೆದಾಗ 1085 ಓಮ್: 22 ಡಿಗ್ರಿಯ ಕೋಣೆಗೆ ತಕ್ಕ ಅಂಕಿ. ತುದಿಗಳಿಗೂ ಲೋಹದ ಕವಚಕ್ಕೂ ಸಂಪರ್ಕವೇ ಇಲ್ಲ, ಹಾಗೆಯೇ ಇರಬೇಕು. ಸಂವೇದಕವನ್ನು ಮತ್ತೆ ಜೋಡಿಸಿ, ಫಲಕದ ಕಡೆಯ ತುದಿಯಲ್ಲಿ ಅದೇ ಮಂಡಲವನ್ನು ಅಳೆದ. ಅಂಕಿ ನಿಲ್ಲಲೊಲ್ಲದು. ತಂತಿಯನ್ನು ಮುಟ್ಟಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಓವನ್ನಿನ ಬೆನ್ನಿನಲ್ಲಿ, ತಂತಿಯ ಕಡೆಯ ಜೋಡಣೆ ಶಾಖಕ್ಕೆ ಕಂದಿ ಕಪ್ಪಾಗಿತ್ತು. ಹೊಸ ಸಂವೇದಕವನ್ನು ಸಿಕ್ಕಿಸುವಾಗ ಉಜ್ಜಿದ್ದರಿಂದ ಹತ್ತು ದಿನ ಸರಿಯಾಗಿದ್ದಂತೆ ತೋರಿತ್ತು, ಅಷ್ಟೆ.

ದುರಸ್ತಿಗಾರರ ಪರವಾಗಿಯೂ ಒಂದು ಮಾತುಂಟು. ಸಂವೇದಕ ಕೆಡುವುದು ಅಪರೂಪವಲ್ಲ, ಅದರ ಬೆಲೆಯೂ ಹೆಚ್ಚಲ್ಲ. ಊಹಿಸಿ ಬದಲಿಸಿದರೆ ಬಹಳ ಸಲ ಗೆಲ್ಲಬಹುದು. ಆದರೆ ಊಹೆ ಸೋತಾಗ ಮುಂದಿನ ಊಹೆ ಇನ್ನೂ ದುಬಾರಿಯದಾಗುತ್ತದೆ, ಕೊನೆಗೆ ಒಳ್ಳೆಯ ಯಂತ್ರವೇ ಬೀದಿಗೆ ಬೀಳುತ್ತದೆ. ಅಳೆಯುವುದಕ್ಕೆ ಹಿಡಿದ ಹೊತ್ತು ಐದು ನಿಮಿಷ.

ಅಳತೆಗೂ ಮಿತಿಯುಂಟು. ತಣ್ಣಗಿದ್ದಾಗ ಸರಿಯಾದ ಅಂಕಿ ಕೊಡುವ ಸಂವೇದಕ ಬಿಸಿಯಾದಾಗ ತಪ್ಪಬಹುದು. ಓವನ್ನಿನೊಳಗೆ ಉಷ್ಣಮಾಪಕವನ್ನಿಟ್ಟು ನೋಡುವವರೂ ಒಂದೇ ನೋಟಕ್ಕೆ ತೀರ್ಪು ಕೊಡಬಾರದು. ಶಾಖ ಗುರಿಯ ಎರಡೂ ಕಡೆ ಏರಿಳಿಯುವುದು ಅದರ ಸಹಜ ಸ್ವಭಾವ, ಹಲವು ಸಲ ನೋಡಿ ಸರಾಸರಿ ತೆಗೆಯಬೇಕು. ನಮ್ಮಲ್ಲಿಯ ಅನೇಕ ಮೇಜಿನ ಓವನ್ನುಗಳಲ್ಲಿ ಪ್ಲಾಟಿನಂ ಇಲ್ಲ. ಅಲ್ಲಿ ಬಾಗುವ ದ್ವಿಲೋಹದ ಪಟ್ಟಿ ಸ್ವಿಚ್ಚನ್ನು ತೆರೆದು ಮುಚ್ಚುತ್ತದೆ, ಈ ಅಂಕಿಗಳು ಅದಕ್ಕೆ ಅನ್ವಯಿಸವು.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಮೀಟರ್ ಬ್ರಿಡ್ಜಿನ ಮೇಲೆ ತಂತಿಯ ರೋಧವನ್ನು ಅಳೆದು, ದಾಖಲೆ ಪುಸ್ತಕದಲ್ಲಿ ಬರೆದು, ಅಂಕ ಪಡೆದು ಮರೆಯುವ ವಿದ್ಯಾರ್ಥಿಗಳೆಷ್ಟು ಮಂದಿ! ಅವರ ಮುಂದೆ ಕೆಟ್ಟ ಜೋಡಣೆಯುಳ್ಳ ಒಂದು ಮಂಡಲವನ್ನಿಟ್ಟು, ದೋಷವೆಲ್ಲಿದೆ ಹುಡುಕಿರೆಂದು ಅಧ್ಯಾಪಕರು ಏಕೆ ಹೇಳಬಾರದು?

ಶಾಖವನ್ನು ತಾಳುವ ಪಿಂಗಾಣಿ ಜೋಡಣೆ ಹಾಕಿದ ಮೇಲೆ ಸಂಕೇತ ಮತ್ತೆ ಬರಲಿಲ್ಲ. ಕಿತ್ತೆಸೆದಿದ್ದ ಹಳೆಯ ಸಂವೇದಕ ಗ್ಯಾರೇಜಿನ ಡಬ್ಬಿಯಲ್ಲಿ ಬಿದ್ದಿತ್ತು. ಹುಡುಗ ಅದನ್ನೂ ಒಳಗೆ ತಂದು ಗಂಟೆ ಹೊತ್ತು ಬಿಟ್ಟು ಅಳೆದ: 1084 ಓಮ್.